ಕರಾರಿಗೆ ಸಹಿ ಹಾಕುವ ಮುನ್ನ

ಪ್ರಿಯ ತಂಗಿ,

ಪ್ರಕಾಶಕರು ನಿನ್ನ ಮೊದಲ ಕಾದಂಬರಿಯನ್ನು ಒಪ್ಪಿಕೊಂಡ ಸುದ್ದಿ ಓದಿ ಮನಸ್ಸು ತುಂಬಿ ಬಂತು. ಅದರ ಬೆನ್ನಿಗೇ ನಿನ್ನ ಗೊಂದಲವನ್ನೂ ಓದಿದೆ. ಕರಾರಿನ ಜೊತೆ ಬಂದ ನಮೂನೆಯಲ್ಲಿ ‘ಈ ಕೃತಿಯಲ್ಲಿ ಕೃತಕ ಬುದ್ಧಿಮತ್ತೆಯನ್ನು ಬಳಸಿದ್ದೀರಾ?’ ಎಂದು ಕೇಳಿದ್ದಾರೆ. ನೀನು ಕಾಗುಣಿತ ತಿದ್ದಿಸಿಕೊಂಡಿದ್ದೀಯೆ, ಅಧ್ಯಾಯಗಳಿಗೆ ಹೆಸರು ಸೂಚಿಸಲು ಕೇಳಿದ್ದೀಯೆ, ಮಳೆಯ ವರ್ಣನೆಯ ಎರಡು ಪುಟಗಳನ್ನು ಅದರಿಂದಲೇ ಬರೆಸಿ ಆಮೇಲೆ ಕೈಯಾಡಿಸಿದ್ದೀಯೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬಹುದು ಎಂಬುದು ನಿನ್ನ ಪ್ರಶ್ನೆ.

ಮೂರನ್ನೂ ಹೇಳು. ಮೊದಲೆರಡನ್ನು ಹೇಳಲು ಒಂದು ಸಾಲು ಸಾಕು. ಮೂರನೆಯದು ಬೇರೆಯೇ ಮಾತು.

ಅಮೆಜಾನ್ ಸಂಸ್ಥೆ ತನ್ನ ಸ್ವಯಂಪ್ರಕಾಶನ ವೇದಿಕೆ ಕೆಡಿಪಿಗೆ 2023ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮ ಇಲ್ಲಿ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಬರಹ ನಿನ್ನದಾಗಿದ್ದು, ಅದನ್ನು ತಿದ್ದಲು, ತಪ್ಪು ಹುಡುಕಲು, ಹೊಳಹು ಪಡೆಯಲು ಯಂತ್ರದ ನೆರವು ಪಡೆದಿದ್ದರೆ ತಿಳಿಸಬೇಕಾಗಿಲ್ಲ. ಯಂತ್ರವೇ ಬರೆದಿದ್ದರೆ ತಿಳಿಸಲೇಬೇಕು. ಆಮೇಲೆ ನೀನು ಎಷ್ಟೇ ತಿದ್ದಿದ್ದರೂ ಅದು ಯಂತ್ರ ಬರೆದದ್ದೇ. ಮುಖಪುಟದ ಚಿತ್ರ, ಒಳಪುಟದ ಚಿತ್ರ, ಅನುವಾದ ಎಲ್ಲಕ್ಕೂ ಇದೇ ನಿಯಮ. ನಿನ್ನ ಪ್ರಕಾಶಕರ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು, ಆದ್ದರಿಂದ ಅವರದನ್ನು ಅಕ್ಷರ ಬಿಡದೆ ಓದು. ಆದರೆ ‘ತಿದ್ದಿದ ಮೇಲೆ ನನ್ನದೇ ಆಯಿತಲ್ಲ’ ಎಂಬ ನಿನ್ನ ವಾದ ಮಾತ್ರ ನಿಲ್ಲುವುದಿಲ್ಲ.

ಕಾನೂನಿನ ಕಣ್ಣಿನಲ್ಲೂ ಅದು ಸುಲಭವಾಗಿ ನಿಲ್ಲುವಂಥದ್ದಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ ಒಂದು ಚಿತ್ರಕಥಾ ಪುಸ್ತಕದ ನೋಂದಣಿಯನ್ನು ಮರುಪರಿಶೀಲಿಸಿತು. ಅದರ ಬರಹಕ್ಕೂ ಚಿತ್ರ ಮತ್ತು ಮಾತುಗಳನ್ನು ಜೋಡಿಸಿದ ಕ್ರಮಕ್ಕೂ ಹಕ್ಕು ಉಳಿಯಿತು. ಮಿಡ್‌ಜರ್ನಿ ಎಂಬ ಸಾಧನ ರಚಿಸಿದ ಚಿತ್ರಗಳಿಗೆ ಸಿಗಲಿಲ್ಲ. ಯಂತ್ರಕ್ಕೆ ಸೂಚನೆ ಕೊಟ್ಟ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ ಎಂದು ಅದೇ ಕಚೇರಿ 2025ರ ಜನವರಿಯ ವರದಿಯಲ್ಲಿ ಹೇಳಿತು. ಕಾನೂನು ದೇಶದಿಂದ ದೇಶಕ್ಕೆ ಬೇರೆ, ನಿಜ. ಆದರೂ ಕರಾರಿನಲ್ಲಿ ‘ಈ ಕೃತಿ ನನ್ನ ಸ್ವಂತ ರಚನೆ, ಇದರ ಹಕ್ಕು ಪೂರ್ತಿಯಾಗಿ ನನ್ನದು’ ಎಂಬ ಭರವಸೆಯ ಕಲಮು ಇದ್ದೇ ಇರುತ್ತದೆ. ಅದು ಸುಳ್ಳಾದರೆ ನಷ್ಟ ತುಂಬಿಕೊಡಬೇಕಾದವಳು ನೀನು. ಆ ಎರಡು ಪುಟಗಳ ಹಕ್ಕು ನಿನ್ನದೇ ಎಂದು ನಿನಗೇ ಖಾತ್ರಿ ಇಲ್ಲದಿರುವಾಗ ಅದನ್ನು ಇನ್ನೊಬ್ಬರಿಗೆ ಹೇಗೆ ಬರೆದುಕೊಡುತ್ತೀಯೆ?

ನನ್ನನ್ನು ಕೇಳಿದರೆ ಆ ಪುಟಗಳನ್ನು ತೆಗೆದುಹಾಕು. ಕಾನೂನಿಗೆ ಅಂಜಿ ಅಲ್ಲ. ನಿನ್ನ ಎರಡನೆಯ ಅಧ್ಯಾಯದಲ್ಲಿ ಹೀಗೊಂದು ಸಾಲಿದೆ: ‘ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಹೊರಡಲೂ ಇಲ್ಲ, ಕೂರಲೂ ಇಲ್ಲ.’ ಪುಟ ತಿರುಗಿಸಿದರೆ ಇದು ಎದುರಾಗುತ್ತದೆ: ‘ಸುರಿಯುವ ಮಳೆಯ ಪ್ರತಿ ಹನಿಯೂ ಆಕೆಯ ಅಂತರಂಗದ ಅವ್ಯಕ್ತ ವೇದನೆಗೆ ಸಾಕ್ಷಿಯಾಗಿತ್ತು.’ ವ್ಯಾಕರಣ ಸರಿಯಾಗಿದೆ, ಪದಗಳೂ ತೂಕದವೇ. ಆದರೆ ಯಾರ ವೇದನೆ, ಯಾವ ವೇದನೆ? ಈ ಸಾಲನ್ನು ಕಿತ್ತು ಬೇರೆ ಯಾವ ಕಾದಂಬರಿಗೆ ಅಂಟಿಸಿದರೂ ಕೂತುಬಿಡುತ್ತದೆ. ಅಪ್ಪನ ಸಾಲು ನಿನ್ನ ಕಥೆ ಬಿಟ್ಟು ಎಲ್ಲಿಯೂ ಹೋಗಲಾರದು. ಅವರು ಹೊರಡದಿರಲು ಅವರಿಗೊಂದು ನೆಪ ಬೇಕಿತ್ತು, ಅದಕ್ಕಾಗಿ ಅಲ್ಲಿ ಮಳೆ ಬಂದಿದೆ. ಯಂತ್ರಕ್ಕೆ ಅದು ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ಗೊತ್ತಿದ್ದವಳು ಬರೆಯಬೇಕಾದ ಜಾಗವನ್ನು ಗೊತ್ತಿಲ್ಲದ್ದಕ್ಕೆ ಬಿಟ್ಟುಕೊಟ್ಟೆಯಲ್ಲ ಎಂಬುದೇ ನನ್ನ ಸಂಕಟ.

ಕಾದಂಬರಿಯಲ್ಲಿ ಬರುವ ಇತಿಹಾಸದ ವಿವರಗಳನ್ನೂ ಅದರಿಂದಲೇ ಕೇಳಿ ತಿಳಿದೆ ಎಂದಿದ್ದೀಯೆ. ಹಾಗಿದ್ದರೆ ಒಂದೊಂದನ್ನೂ ಮೂಲ ಪುಸ್ತಕ ಕೈಯಲ್ಲಿ ಹಿಡಿದು ನೋಡು. 2025ರ ಮೇ ತಿಂಗಳಲ್ಲಿ ಚಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಪುರವಣಿಯೊಂದರಲ್ಲಿ ಬೇಸಿಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಬಂತು. ಅವುಗಳಲ್ಲಿ 10 ಪುಸ್ತಕಗಳು ಲೋಕದಲ್ಲೇ ಇಲ್ಲ. ನಿಜವಾದ ಲೇಖಕರ ಹೆಸರಿಗೆ ಇಲ್ಲದ ಪುಸ್ತಕಗಳನ್ನು ಯಂತ್ರ ಹೊಂದಿಸಿತ್ತು, ಅಚ್ಚಿಗೆ ಹೋಗುವ ಮುನ್ನ ಯಾರೂ ಪರಿಶೀಲಿಸಲಿಲ್ಲ. ಪತ್ರಿಕೆ ಮರುದಿನ ಸ್ಪಷ್ಟನೆ ಕೊಡಬಹುದು. ಪುಸ್ತಕದೊಳಗೆ ಸೇರಿದ ಸುಳ್ಳು ಮುಂದಿನ ಮುದ್ರಣದವರೆಗೂ ನಿನ್ನ ಹೆಸರಿನಲ್ಲೇ ಇರುತ್ತದೆ.

ಇನ್ನೊಂದು ವಿಷಯ, ಕರಡುಗಳನ್ನು ಅಳಿಸಬೇಡ. ದಿನಾಂಕ ಸಹಿತ ಎಲ್ಲ ಆವೃತ್ತಿಗಳನ್ನೂ ಇಟ್ಟುಕೋ, ಯಂತ್ರಕ್ಕೆ ಏನು ಕೇಳಿದೆ, ಅದು ಏನು ಕೊಟ್ಟಿತು ಎಂಬುದನ್ನೂ ಇಟ್ಟುಕೋ. ಕಷ್ಟಪಟ್ಟು ಬರೆದವರ ಮೇಲೂ ಅನುಮಾನ ಬೀಳುವ ಕಾಲ ಇದು. ಯಂತ್ರದ ಬರಹವನ್ನು ಪತ್ತೆ ಹಚ್ಚುತ್ತೇವೆ ಎನ್ನುವ ಸಾಧನಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ ತಯಾರಿಸಿದ ಅಂಥ ಸಾಧನ ಯಂತ್ರದ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸಿತು, ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಅವರೇ ಅದನ್ನು ಹಿಂತೆಗೆದುಕೊಂಡರು. ನಾಳೆ ನಿನ್ನ ಮೇಲೆ ಯಾರಾದರೂ ಬೆರಳು ತೋರಿಸಿದರೆ ನಿನ್ನ ಪರವಾಗಿ ಮಾತಾಡುವುದು ಹೊಡೆದುಹಾಕಿದ ಸಾಲುಗಳಿರುವ ಆ ಕರಡುಗಳೇ.

ನಿಯಮಗಳು ಲೇಖಕರಿಗೆ ಮಾತ್ರ ಎಂಬಂತೆ ಪ್ರಕಾಶಕರು ನಡೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅವರು ನಿನ್ನನ್ನು ಪ್ರಶ್ನೆ ಕೇಳಿದ್ದಾರೆ, ನೀನೂ ಕೇಳು. ನನ್ನ ಹಸ್ತಪ್ರತಿಯನ್ನು ಸಂಪಾದನೆಗೋ ಸಾರಾಂಶಕ್ಕೋ ಯಾವುದಾದರೂ ಎಐ ಸಾಧನಕ್ಕೆ ಹಾಕುತ್ತೀರಾ? ಇಂಥ ಯಂತ್ರಗಳಿಗೆ ಬರೆಯಲು ಕಲಿಸುವ ತರಬೇತಿಗೆ ನನ್ನ ಪುಸ್ತಕವನ್ನು ಮಾರುವ ಹಕ್ಕು ಈ ಕರಾರಿನಲ್ಲಿ ಎಲ್ಲಾದರೂ ಅಡಗಿದೆಯೇ? ಮುಖಪುಟವನ್ನು ಕಲಾವಿದರು ಬರೆಯುತ್ತಾರೆಯೇ? ಅನುವಾದವನ್ನು, ಆಡಿಯೋ ಪುಸ್ತಕದ ಓದನ್ನು ಮನುಷ್ಯರೇ ಮಾಡುತ್ತಾರೆಯೇ? ಸಂಕೋಚ ಬೇಡ, ಇವು ಹಣದ ಪ್ರಶ್ನೆಗಳೂ ಹೌದು. ಕಳ್ಳಪ್ರತಿಗಳ ತಾಣಗಳಿಂದ ಪುಸ್ತಕಗಳನ್ನು ಇಳಿಸಿಕೊಂಡದ್ದಕ್ಕೆ ಲೇಖಕರು ಹೂಡಿದ ಮೊಕದ್ದಮೆಯಲ್ಲಿ, ಕ್ಲಾಡ್ ಎಂಬ ಎಐ ಸಾಧನವನ್ನು ತಯಾರಿಸುವ ಆಂಥ್ರೊಪಿಕ್ ಕಂಪನಿ 2025ರಲ್ಲಿ 150 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಆದರೆ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ಗಡುವಿನೊಳಗೆ ನೋಂದಣಿಯಾಗಿದ್ದ ಪುಸ್ತಕಗಳು ಮಾತ್ರ ಆ ಲೆಕ್ಕಕ್ಕೆ ಬಂದವು. ಆದ್ದರಿಂದ ಹಕ್ಕುಸ್ವಾಮ್ಯ ನೋಂದಣಿಯನ್ನು ಯಾರು, ಯಾವಾಗ ಮಾಡಿಸುತ್ತಾರೆ ಎಂಬುದನ್ನೂ ಕೇಳಿಕೋ.

ತರಬೇತಿಯ ಹಕ್ಕು ಪ್ರತ್ಯೇಕ ಕಲಮಾಗಿರಲಿ, ನಿನ್ನ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನು ಯಾರಿಗೂ ಕೊಡುವಂತಿಲ್ಲ ಎಂದು ಸೇರಿಸಲು ಹೇಳು. ಫೋನಿನಲ್ಲಿ ‘ಆಯಿತು’ ಎಂದರೆ ಸಾಲದು. ಬರಹದಲ್ಲಿ ಉತ್ತರ ಬಂದ ಮೇಲೆ ಕರಾರಿನ ಪ್ರತಿಯನ್ನು ನನಗೂ ಕಳಿಸು, ಇಬ್ಬರೂ ಕೂತು ಓದೋಣ. ಸಹಿ ಆಮೇಲೆ.

ನಿನ್ನ ಅಕ್ಕ