ಗೋಲ್ಡ್‌ಸ್ಮಿತ್ಸ್ ಹಾಲ್‌ನ ಊಟಕ್ಕೆ ಹೊರಟ ಮಗಳಿಗೆ

ಪುಟ್ಟೀ,

ಗೋಲ್ಡ್‌ಸ್ಮಿತ್ಸ್ ಕಂಪನಿ, ಅಂದರೆ ಲಂಡನ್ನಿನ ಅಕ್ಕಸಾಲಿಗರ ಹಳೆಯ ಸಂಘ, ತನ್ನ ಹಾಲ್‌ನಲ್ಲಿ ನಡೆಸುವ ಔತಣಕ್ಕೆ ನಿನ್ನನ್ನು ಕರೆದಿದೆಯೆಂದು ಕೇಳಿ ಮನೆಯಲ್ಲಿ ಹಬ್ಬದ ಸಂಭ್ರಮ. ಅಮ್ಮನ ಚಿಂತೆ ಮಾತ್ರ ಬಟ್ಟೆಯದು. ಕರೆಯೋಲೆಯಲ್ಲಿ ‘ಬ್ಲ್ಯಾಕ್ ಟೈ’ (ಔಪಚಾರಿಕ ಸಂಜೆಯ ಉಡುಪು) ಅಂತಿದ್ದರೆ ಹೆದರಬೇಡ, ರೇಷ್ಮೆ ಸೀರೆ ಉಟ್ಟು ಹೋಗು. ಸಸ್ಯಾಹಾರಿ ಎಂಬುದನ್ನು ಈಗಲೇ ಬರೆದು ತಿಳಿಸು. ಇಂಥ ಬೇರೆ ಬಹಳಷ್ಟು ಕಂಪನಿಗಳಲ್ಲಿ ಮುಖ್ಯಸ್ಥರನ್ನು ‘ಮಾಸ್ಟರ್’ ಅಂತಾರೆ, ಇಲ್ಲಿ ‘ಪ್ರೈಮ್ ವಾರ್ಡನ್’. ನೆನಪಿಟ್ಟುಕೋ.

ಊಟವಾದ ಮೇಲೆ ‘ಲವಿಂಗ್ ಕಪ್’ ಬಂದರೆ ಗಾಬರಿಯಾಗಬೇಡ. ನಾನು ಲಂಡನ್ನಿನಲ್ಲಿ ಕೆಲಸಕ್ಕಿದ್ದಾಗ ನಮ್ಮ ಯಜಮಾನರು ಇಂಥದೊಂದು ಊಟಕ್ಕೆ ಕರೆದುಕೊಂಡು ಹೋಗಿದ್ದರು, ಅಲ್ಲಿ ಕಲಿತದ್ದು ಇದು. ಎರಡು ಹಿಡಿಯ, ಮುಚ್ಚಳವಿರುವ ದೊಡ್ಡ ಬೆಳ್ಳಿ ಬಟ್ಟಲು. ಒಂದು ಹೊತ್ತಿಗೆ ಮೂವರು ಎದ್ದು ನಿಂತಿರುತ್ತಾರೆ. ಒಬ್ಬರು ಕುಡಿಯುತ್ತಾರೆ, ಎದುರಿನವರು ತಲೆಬಾಗಿ, ಬಲಗೈಯಲ್ಲಿ ಮುಚ್ಚಳ ಎತ್ತಿ ಹಿಡಿದಿರುತ್ತಾರೆ, ಇನ್ನೊಬ್ಬರು ಕುಡಿಯುವವರ ಬೆನ್ನಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಾರೆ. 978ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ದೊರೆಯನ್ನು ಕಾರ್ಫ್‌ನಲ್ಲಿ ಪಾನೀಯ ಕೈಗೆ ಕೊಟ್ಟು ಇರಿದು ಕೊಂದರಂತೆ, ಕಾವಲು ಅದಕ್ಕೇ ಎಂಬ ಕಥೆಯಿದೆ. ಮುಚ್ಚಳ ಹಿಡಿದ ಬಲಗೈ ಕತ್ತಿಗೆ ಹೋಗಲಾರದಲ್ಲ! ಕುಡಿದವರು ಅಂಚು ಒರೆಸಿ ಮುಂದಿನವರಿಗೆ ದಾಟಿಸುತ್ತಾರೆ. ನಿನಗೆ ವೈನ್ ಬೇಡವೆಂದರೆ ತುಟಿಯವರೆಗೆ ಒಯ್ದು ಮುಂದಕ್ಕೆ ಕೊಡು. ಆದರೆ ಪಕ್ಕದವರ ಬೆನ್ನು ಕಾಯುವ ಸರದಿ ಬಂದಾಗ ನೆಟ್ಟಗೆ ನಿಲ್ಲು ಮಗಳೇ. ಅಪರಿಚಿತರ ಬೆನ್ನಿಗೆ ನಿಲ್ಲುವ ಆ ಪದ್ಧತಿ ನನಗೆ ತುಂಬ ಹಿಡಿಸಿತು.

ಆ ಮೇಜಿನ ಸುತ್ತ ಸುತ್ತಿಗೆಯನ್ನೇ ಮುಟ್ಟದವರೂ ಇರುತ್ತಾರೆ. ಅವರ ಮಾತಿನ ಠೀವಿಗೆ ಕುಗ್ಗಬೇಡ. 1327ರಲ್ಲಿ ಅರಸನ ಸನ್ನದು ಪಡೆದ ಸಂಘ ಅದು. ಆದರೆ ಅದರ ಮರ್ಯಾದೆ ನಿಂತಿರುವುದು ಸನ್ನದಿಗಿಂತ ಹೆಚ್ಚಾಗಿ ಒರೆಗಲ್ಲಿನ ಮೇಲೆ. ‘ಟ್ರಯಲ್ ಆಫ್ ದಿ ಪಿಕ್ಸ್’ ಅಂತ ಒಂದು ವಿಚಾರಣೆಯಿದೆ, 13ನೇ ಶತಮಾನದಿಂದ ಬಂದದ್ದು. ಸರ್ಕಾರದ ಟಂಕಸಾಲೆ ಅಚ್ಚು ಹಾಕಿದ ನಾಣ್ಯಗಳನ್ನು ಇವತ್ತಿಗೂ ಪ್ರತಿ ವರ್ಷ ಅದೇ ಹಾಲ್‌ಗೆ ತಂದು ಅಕ್ಕಸಾಲಿಗರ ಪಂಚರ ಮುಂದಿಡುತ್ತಾರೆ. ತೂಕ, ಲೋಹದ ಶುದ್ಧಿ ಸರಿಯಿದೆಯೇ ಎಂದು ತೀರ್ಪು ಕೊಡುವವರು ಅವರೇ. ದೊರೆಯ ನಾಣ್ಯಕ್ಕೂ ರಿಯಾಯಿತಿಯಿಲ್ಲ! ನಿನ್ನಜ್ಜ ಕುಲುಮೆಯ ಮುಂದೆ ಕೂತು ಇದನ್ನು ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದರೋ.

ನಮ್ಮ ಅಯ್ಯಾವೊಳೆಯ (ಇಂದಿನ ಐಹೊಳೆ) ಐನೂರ್ವರೂ ದೊಡ್ಡ ಸಂಘವೇ. ಅವರು ವರ್ತಕರು, ಸುಮಾತ್ರಾದ ಬಾರೂಸ್‌ನಲ್ಲಿ ಸಿಕ್ಕ 1088ರ ಶಾಸನದಲ್ಲೂ ಅವರ ಹೆಸರಿದೆ. ಆದರೆ ಅವರ ಸಭೆ ಇಂದು ಎಲ್ಲಿಯೂ ಸೇರುವುದಿಲ್ಲ. ಇವರದು ಸೇರುತ್ತಿದೆ, ಪರೀಕ್ಷೆಯ ಕೆಲಸವನ್ನು ಇನ್ನೂ ಕೈಬಿಟ್ಟಿಲ್ಲವಲ್ಲ, ಅದಕ್ಕೆ ಎಂದೇ ನನ್ನ ನಂಬಿಕೆ.

ನೀನು ಮಾಡುತ್ತಿರುವ ಬೆಳ್ಳಿ ಬಟ್ಟಲಿಗೆ 925ರ ಮುದ್ರೆ (ಸಾವಿರದಲ್ಲಿ 925 ಪಾಲು ಬೆಳ್ಳಿ ಎಂಬ ಗುರುತು) ಹಾಕಿಸಬೇಕಲ್ಲ, ಲೋಹ ಪರೀಕ್ಷಿಸಿ ಮುದ್ರೆ ಹಾಕುವ ಆ ಅಸೇ ಆಫೀಸೂ ಅದೇ ಹಾಲ್‌ನಲ್ಲಿದೆ. ಅಲ್ಲಿನವರು ಯಾರಾದರೂ ಪಕ್ಕದಲ್ಲಿ ಕೂತರೆ, ನಿನ್ನ ಹೆಸರಿನ ಗುರುತನ್ನು ನೋಂದಾಯಿಸುವುದು ಹೇಗೆಂದು ಸಂಕೋಚಪಡದೆ ಕೇಳು.

ನಿನ್ನ ಅಪ್ಪ