ಏರ್ ರಿವೆಟ್ ಗನ್ ಕೊಳ್ಳುವ ಮುನ್ನ ತೂತು ನೋಡಿ

ಮಾನ್ಯ ಸಂಪಾದಕರೇ,

ಹಬ್ಬದ ರಿಯಾಯಿತಿ ಜಾಹೀರಾತುಗಳಲ್ಲಿ ಗಾಳಿಯಿಂದ ಓಡುವ ರಿವೆಟ್ ಗನ್ ಕೂಡ ‘ಮನೆಬಳಕೆಗೆ’ ಎಂಬ ಹಣೆಪಟ್ಟಿ ಹೊತ್ತು ಬರುತ್ತಿದೆ. ಸೊಳ್ಳೆ ಪರದೆಯ ಅಲ್ಯೂಮಿನಿಯಂ ಚೌಕಟ್ಟು, ಸೂರಿನ ನೀರಿನ ದೋಣಿ, ಕೊಟ್ಟಿಗೆಯ ತಗಡು ಇಂಥವನ್ನು ತಾವೇ ಜೋಡಿಸಿಕೊಳ್ಳುವವರು ಹಣ ಕೊಡುವ ಮೊದಲು ಕೆಲವು ವಿಷಯ ತಿಳಿದಿರಲಿ ಎಂದು ಈ ಪತ್ರ.

ಮೊದಲು ಹೆಸರಿನ ಗೊಂದಲ. ರಿವೆಟ್ ಗನ್ ಎಂದು ಹುಡುಕಿದರೆ ಮೂರು ಬೇರೆ ಯಂತ್ರಗಳು ಸಿಗುತ್ತವೆ. ಒಂದು, ಗಟ್ಟಿ ರಿವೆಟ್‌ಗೆ ಬಡಿಯುವ ಏರ್ ಹ್ಯಾಮರ್. ವಿಮಾನದ ರೆಕ್ಕೆ ಜೋಡಿಸುವಂಥ ಕೆಲಸಕ್ಕೆ ಇದು. ಇನ್ನೊಂದು ಬದಿಯಲ್ಲಿ ಉಕ್ಕಿನ ತುಂಡು ಒತ್ತಿ ಹಿಡಿಯಲೇಬೇಕು. ಎರಡನೆಯದು ತಗಡಿನಲ್ಲಿ ನಟ್ ಕೂರಿಸುವ ರಿವೆಟ್ ನಟ್ ಗನ್. ಮನೆಯವರಿಗೆ ಬೇಕಾದದ್ದು ಮೂರನೆಯದು, ಒಂದೇ ಬದಿಯಿಂದ ಪಾಪ್ ರಿವೆಟ್ (ನಡುವೆ ಪಿನ್ ಇರುವ ಟೊಳ್ಳು ರಿವೆಟ್) ಎಳೆಯುವ ಗನ್. ಚಿತ್ರದಲ್ಲಿ ಕೆಳಗೆ ಗಂಟೆಯಾಕಾರದ ದಪ್ಪ ಬುಡ ಇದ್ದರೆ ಬಹುತೇಕ ಇದೇ.

ಆ ಬುಡದೊಳಗೆ ಗಾಳಿ ಒಂದು ಅಗಲವಾದ ಪಿಸ್ಟನ್ ತಳ್ಳುತ್ತದೆ, ಅದರ ತುದಿಯ ಸಣ್ಣ ರಾಡ್ ಎಣ್ಣೆಯನ್ನು ಒತ್ತುತ್ತದೆ, ಎಣ್ಣೆಯ ಒತ್ತಡ ಮುಂದಿರುವ, ಪಿನ್ ಕಚ್ಚಿ ಹಿಡಿಯುವ ದವಡೆಗಳನ್ನು (ಜಾ) ಹಿಂದಕ್ಕೆಳೆದು ಪಿನ್ ಮುರಿಯುತ್ತದೆ. ಕೈಬಲ ಬೇಕಿಲ್ಲ. 4.8 ಮಿ.ಮೀ. ಸ್ಟೀಲ್ ಅಥವಾ ಸ್ಟೇನ್‌ಲೆಸ್ ರಿವೆಟ್‌ಗೆ ಇದು ನಿಜಕ್ಕೂ ವರ. ಸಾಮಾನ್ಯ ಕೈಗನ್‌ನಲ್ಲಿ ಅವನ್ನು ಇಪ್ಪತ್ತು ಎಳೆಯುವಷ್ಟರಲ್ಲಿ ಅಂಗೈ ಕೆಂಪಾಗುತ್ತದೆ. ಆದರೆ ಮನೆಗಳಲ್ಲಿ ಹೆಚ್ಚಾಗಿ ಬಳಸುವುದು 3.2 ಅಥವಾ 4 ಮಿ.ಮೀ. ಅಲ್ಯೂಮಿನಿಯಂ ರಿವೆಟ್. ಅದಕ್ಕೆ ಕೆಲವು ನೂರು ರೂಪಾಯಿಯ ಕೈಗನ್ ಸಾಕು.

ಕೈಗನ್ ಸರಿಯಿಲ್ಲ, ರಿವೆಟ್ ಸಡಿಲವಾಗುತ್ತದೆ ಎಂದು ದೂರುವವರ ಕೆಲಸ ಹತ್ತಿರದಿಂದ ನೋಡಿದರೆ ತಪ್ಪು ಸಾಮಾನ್ಯವಾಗಿ ತೂತಿನಲ್ಲಿರುತ್ತದೆ. 3.2ರ ರಿವೆಟ್‌ಗೆ 3.3, 4ಕ್ಕೆ 4.1, 4.8ಕ್ಕೆ 4.9 ಮಿ.ಮೀ. ಡ್ರಿಲ್ ಬಿಟ್ ಬೇಕು. 4.8ಕ್ಕೆ 5 ಎಂಬುದು ಕೊನೆಯ ಮಿತಿ, ಅದೂ ಬಿಟ್ ಅಲುಗಾಡದೆ ನೇರ ಇಳಿದರೆ. ಉದ್ದದ ಲೆಕ್ಕವೂ ಸರಳ: ಜೋಡಿಸುವ ತಗಡುಗಳ ಒಟ್ಟು ದಪ್ಪಕ್ಕೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು ಸೇರಿಸಿ. ಒಟ್ಟು ದಪ್ಪ 2 ಮಿ.ಮೀ., ರಿವೆಟ್ 3.2 ಆದರೆ 2ಕ್ಕೆ 4.8 ಕೂಡಿ 6.8, ಅಂಗಡಿಯಲ್ಲಿ 8 ಮಿ.ಮೀ. ಉದ್ದದ್ದು ಕೇಳಿ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕೊರೆದಾಗ ಎದ್ದ ಮುಳ್ಳಂಚನ್ನು ತೆಗೆಯದೆ, ಕ್ಲ್ಯಾಂಪ್ ಹಾಕದೆ ಎಳೆದರೆ ಎರಡು ತಗಡುಗಳ ನಡುವಿನ ಸಂದಿನಲ್ಲೇ ರಿವೆಟ್ ಉಬ್ಬುತ್ತದೆ. ಪಿನ್ ‘ಟಪ್’ ಎಂದು ಮುರಿಯುತ್ತದೆ, ಮೇಲಿನ ತಲೆ ನುಣ್ಣಗೆ ಕೂತಿರುತ್ತದೆ, ತಗಡು ಮಾತ್ರ ಗಾಳಿ ಬಂದಾಗಲೆಲ್ಲ ಕಟಕಟ ಎನ್ನುತ್ತದೆ. ದೊಡ್ಡ ಬಿಟ್ಟನ್ನು ಬೆರಳಿನಲ್ಲೇ ಎರಡು ಸುತ್ತು ತಿರುಗಿಸಿದರೆ ಮುಳ್ಳಂಚು ಹೋಗುತ್ತದೆ. ಈ ಯಾವ ತಪ್ಪನ್ನೂ ಏರ್ ಗನ್ ತಿದ್ದುವುದಿಲ್ಲ. ಅದು ಅದೇ ತಪ್ಪನ್ನು ಬೇಗ ಬೇಗ ಮಾಡಿಕೊಡುತ್ತದೆ, ಅಷ್ಟೆ.

ಕಂಪ್ರೆಸರ್ ವಿಷಯಕ್ಕೆ ಬಂದರೆ, ದೊಡ್ಡದೇ ಬೇಕು ಎಂಬ ಅಂಗಡಿಯವರ ಮಾತು ಇಲ್ಲಿ ನಿಲ್ಲುವುದಿಲ್ಲ. ಒಂದು ರಿವೆಟ್‌ಗೆ ಖರ್ಚಾಗುವುದು 1ರಿಂದ 2 ಲೀಟರ್ ಗಾಳಿ. 24 ಲೀಟರ್ ಟ್ಯಾಂಕ್‌ನ ಒತ್ತಡ 8 ಬಾರ್‌ನಿಂದ 5 ಬಾರ್‌ಗೆ ಇಳಿಯುವಾಗ, ಹೊರಗಿನ ಸಾಮಾನ್ಯ ಒತ್ತಡದಲ್ಲಿ ಅಳೆದರೆ, ಸುಮಾರು 72 ಲೀಟರ್ ಗಾಳಿ ಕೊಡುತ್ತದೆ. ಮೋಟಾರ್ ಮತ್ತೆ ಶುರುವಾಗುವ ಮೊದಲೇ 35ರಿಂದ 70 ರಿವೆಟ್ ಆಗುತ್ತದೆ. ಪೇಂಟ್ ಹೊಡೆಯಲು ಅಂಥದ್ದೊಂದು ಈಗಾಗಲೇ ಮನೆಯಲ್ಲಿದ್ದರೆ ಗನ್ ಮಾತ್ರ ಕೊಂಡರಾಯಿತು. ಕಾರಿನ ಟೈರಿಗೆ ಗಾಳಿ ತುಂಬುವ 12 ವೋಲ್ಟ್ ಪಂಪ್ ಮಾತ್ರ ಆಗದು, ಅದಕ್ಕೆ ಟ್ಯಾಂಕೇ ಇಲ್ಲ. ಏನೂ ಇಲ್ಲದವರು ಕಂಪ್ರೆಸರ್, ರೆಗ್ಯುಲೇಟರ್, ನೀರು ಹಿಡಿಯುವ ಫಿಲ್ಟರ್, ಹೋಸ್, ಕಪ್ಲರ್ ಎಂದು ಸೇರಿಸುತ್ತ ಹೋದರೆ ಲೆಕ್ಕ ಹತ್ತು ಸಾವಿರ ದಾಟುತ್ತದೆ. ವರ್ಷಕ್ಕೆ ನೂರು ರಿವೆಟ್ ಹಾಕುವ ಮನೆಗೆ ಇದು ದಂಡ. ಶೆಡ್ ಕಟ್ಟುತ್ತಿದ್ದೀರಿ, ಸಾವಿರಾರು ರಿವೆಟ್ ಇದೆ, ಇಲ್ಲವೇ ಕೈಯಲ್ಲಿ ಸಂಧಿವಾತ ಇದೆ ಎಂದಾದರೆ ಮಾತು ಬೇರೆ.

ನಡುವಿನ ದಾರಿಗಳೂ ಇವೆ. ಎರಡೂ ಕೈಯಿಂದ ಒತ್ತುವ ಉದ್ದ ಹಿಡಿಯ ಗನ್ 4.8ರ ಸ್ಟೀಲ್ ರಿವೆಟ್ಟನ್ನೂ ಎಳೆಯುತ್ತದೆ, ರಿಪೇರಿ ಎಂಬುದೇ ಅದಕ್ಕೆ ಅಪರೂಪ. ಬ್ಯಾಟರಿ ಡ್ರಿಲ್ ಇರುವವರು ಅದರ ಚಕ್‌ಗೆ ಹಾಕುವ ರಿವೆಟ್ ಅಡಾಪ್ಟರ್ ನೋಡಬಹುದು. ನಿಧಾನ ಗೇರ್‌ನಲ್ಲಿ ನಡೆಸಿ, ಅಡಾಪ್ಟರ್ ತಿರುಗದಂತೆ ಅದರ ಹಿಡಿಯನ್ನು ಬಿಗಿಹಿಡಿಯಬೇಕು.

ಏರ್ ಗನ್ ಕೊಂಡವರಿಗೆ ಆರೈಕೆಯ ಮಾತು. ಒಂದೇ ಎಳೆತಕ್ಕೆ ಮುರಿಯುತ್ತಿದ್ದ ಪಿನ್ ಎರಡು ಎಳೆತ ಕೇಳತೊಡಗಿದರೆ ಎಣ್ಣೆ ಇಳಿದಿದೆ ಎಂದರ್ಥ. ಹೋಸ್ ಕಳಚಿ, ಮೇಲಿನ ಸ್ಕ್ರೂ ಬಿಚ್ಚಿ, ಜೊತೆಗೆ ಕೊಟ್ಟ ಸಿರಿಂಜ್‌ನಿಂದ ಹೈಡ್ರಾಲಿಕ್ ಎಣ್ಣೆ ತುಂಬಿ ಗುಳ್ಳೆ ನಿಲ್ಲುವವರೆಗೆ ನಿಧಾನ ಒತ್ತಬೇಕು. ಸ್ಕ್ರೂ ಬಿಚ್ಚಿದ್ದಾಗ ಗಾಳಿ ಕೊಟ್ಟು ಟ್ರಿಗರ್ ಒತ್ತಿದರೆ ಎಣ್ಣೆ ಮುಖಕ್ಕೇ ಚಿಮ್ಮುತ್ತದೆ. ಎಣ್ಣೆ ಸರಿಯಿದ್ದೂ ಪಿನ್ ಜಾರುತ್ತಿದ್ದರೆ ಜಾಗಳ ಹಲ್ಲಿನಲ್ಲಿ ಲೋಹದ ಪುಡಿ ತುಂಬಿರುತ್ತದೆ, ತಂತಿ ಬ್ರಷ್‌ನಿಂದ ತಿಕ್ಕಿದರೆ ಸರಿಹೋಗುತ್ತದೆ. ಹಲ್ಲು ಸವೆದಿದ್ದರೆ ಜಾ ಸೆಟ್ ಬದಲಿಸಬೇಕು. 3.2ರ ರಿವೆಟ್‌ಗೆ 4.8ರ ನೋಸ್ ಪೀಸ್ (ಪಿನ್ ತೂರುವ ಗನ್‌ನ ಮೂತಿ) ಹಾಗೇ ಬಿಟ್ಟರೆ ರಿವೆಟ್ ತಲೆಯೇ ಒಳಕ್ಕೆ ಸೆಳೆದುಕೊಂಡು ಚೂಪಾದ ಮೊನೆ ಉಳಿಯುತ್ತದೆ. ಮುರಿದ ಪಿನ್ ಹಿಂದಕ್ಕೆ ರಭಸದಿಂದ ಹಾರುವುದರಿಂದ ಸಂಗ್ರಹ ಡಬ್ಬಿ ಕಳಚಿ ಗನ್ ನಡೆಸಲೇಬೇಡಿ, ಕನ್ನಡಕ ತಪ್ಪಿಸಬೇಡಿ.

ಕರಾವಳಿಯವರಿಗೆ ಒಂದು ಮಾತು ಸೇರಿಸಲೇಬೇಕು. ಉಪ್ಪುಗಾಳಿಯಲ್ಲಿ ರಿವೆಟ್‌ನೊಳಗೆ ಉಳಿದ ಸ್ಟೀಲ್ ಪಿನ್ ತುಕ್ಕು ಹಿಡಿದು ಸೂರಿನ ದೋಣಿಯ ಮೇಲೆ ಕೆಂಪು ಗೆರೆ ಇಳಿಯುತ್ತದೆ. ಅಲ್ಯೂಮಿನಿಯಂ ದೋಣಿಗೆ ಮೈ, ಪಿನ್ ಎರಡೂ ಅಲ್ಯೂಮಿನಿಯಂ ಆಗಿರುವ, ತುದಿ ಮುಚ್ಚಿದ ರಿವೆಟ್ ಹಾಕಿದರೆ ನೀರೂ ಸೋರದು.

ಇಷ್ಟೆಲ್ಲ ಯೋಚಿಸಿಯೂ ಏರ್ ಗನ್ ಬೇಕೆನಿಸಿದರೆ ಅಂಗಡಿಯಲ್ಲೇ 4.8ರ ಸ್ಟೀಲ್ ರಿವೆಟ್ ಹತ್ತು ಬಾರಿ ಬೆನ್ನುಬೆನ್ನಿಗೆ ಎಳೆಸಿ ನೋಡಿ. ಹತ್ತನೆಯದೂ ಒಂದೇ ಎಳೆತಕ್ಕೆ ಮುರಿಯಬೇಕು, ಕತ್ತಿನ ಜೋಡಣೆಯಲ್ಲಿ ಬೆರಳಾಡಿಸಿದರೆ ಎಣ್ಣೆ ಅಂಟಬಾರದು, ಜಾ ಸೆಟ್ ಮತ್ತು ಸೀಲ್ ಕಿಟ್ ಬಿಡಿಯಾಗಿ ಸಿಗುವಂತಿರಬೇಕು.

— ತಗಡು ಕೆಲಸದವರು, ಶಿವಮೊಗ್ಗ