ರಕ್ತ ಹಾಕುವ ಮುಂಚೆ, ನೈಟ್ ಡ್ಯೂಟಿಯವರು ದಯವಿಟ್ಟು ಓದಿ

ಎಲ್ಲ ಸಿಸ್ಟರ್, ಬ್ರದರ್‌ಗಳಿಗೆ ನಮಸ್ಕಾರ. ಮೊನ್ನೆ ಹೆರಿಗೆ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಅಕ್ಕಪಕ್ಕದ ಬೆಡ್‌ಗಳಲ್ಲಿದ್ದರು. ಕೈಪಟ್ಟಿಯ ಐಪಿ (ಒಳರೋಗಿ) ನಂಬರ್ ನೋಡಿದ್ದರಿಂದ ರಕ್ತದ ಬ್ಯಾಗ್ ಅದಲುಬದಲಾಗಲಿಲ್ಲ. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇಬ್ಬರು ಸೇರಿ, ಬೆಡ್ ಪಕ್ಕದಲ್ಲೇ ನಿಂತು ಹೆಸರು, ನಂಬರ್, ಗ್ರೂಪ್, ಎಕ್ಸ್‌ಪೈರಿ ಜೋರಾಗಿ ಓದಿ. "ನೀವು ಲಕ್ಷ್ಮಿನಾ?" ಅಂತ ಕೇಳಬೇಡಿ, "ನಿಮ್ಮ ಹೆಸರೇನು?" ಅಂತಲೇ ಕೇಳಿ. ಸುಸ್ತಿನಲ್ಲಿ ಯಾರಾದರೂ ಸುಮ್ನೆ ಹೂಂ ಅಂದುಬಿಡುತ್ತಾರೆ, ಅಲ್ವಾ?

ಮೊದಲ 15 ನಿಮಿಷ ನಿಧಾನಕ್ಕೆ ಬಿಡಿ, ಪಕ್ಕದಲ್ಲೇ ಇರಿ. ಚಳಿ, ಜ್ವರ, ಸೊಂಟನೋವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ನಿಲ್ಲಿಸಿ. ಹೊಸ ಡ್ರಿಪ್ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ, ಡಾಕ್ಟರನ್ನು ಕರೆಯಿರಿ. ಬ್ಯಾಗ್ ಎಸೆಯಬೇಡಿ, ಅದು ಬ್ಲಡ್ ಬ್ಯಾಂಕಿಗೆ ವಾಪಸ್ ಹೋಗಬೇಕು. ಎಷ್ಟೇ ಅವಸರವಿದ್ದರೂ ಬ್ಯಾಗನ್ನು ಬಿಸಿನೀರಿನಲ್ಲಿ ಇಡಬೇಡಿ. ಶುರು ಮಾಡಿದ 4 ಗಂಟೆಯೊಳಗೆ ಮುಗಿಯಲಿ.